ಸೂಜಿ ಒಪ್ಪದ ಬಾವುಟ

ಮಾರ್ಚ್ 9, ಭಾನುವಾರ

ಇವತ್ತು ತಮ್ಮ ಬಂದಿದ್ದ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ, "ಅಕ್ಕಾ, ಬಾವುಟ ಸಮಿತೀಲಿ ನನ್ನನ್ನೂ ಹಾಕಿದಾರೆ" ಅಂದ. ರಾಜ್ಯಕ್ಕೆ ಐವತ್ತು ತುಂಬುವ ಹೊತ್ತಿಗೆ ಬಾವುಟವನ್ನು ಬದಲಾಯಿಸುತ್ತಾರಂತೆ. ಇವನು ಸರ್ಕಾರಿ ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷದಿಂದ ಚಿತ್ರ ಬರೆಯುವವನು. ಹೊಸ ಬಾವುಟ ಬರೆಯುವ ಕೆಲಸ ಇವನ ಪಾಲಿಗೇ ಬಂದಿದೆ. ಹಳೆಯದನ್ನು ಮೂವತ್ತೊಂದು ವರ್ಷ ಹೊಲಿದವಳು ಅಕ್ಕ, ಹೊಸದನ್ನು ಬರೆಯುವವನು ತಮ್ಮ. ಅಮ್ಮ ಇದ್ದಿದ್ದರೆ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಹಳೆಯದು ಹೋಗುತ್ತದಲ್ಲ ಎಂದು ಬೇಸರವಾದದ್ದೂ ನಿಜ. ಆದರೆ ಹೋಗುವುದೇ ಆದರೆ ಇವನ ಕೈಯಲ್ಲಿ ಹೋಗಲಿ.

"ಸೂಜಿಗೆ ಏನಾಗುತ್ತೆ, ಏನಾಗಲ್ಲ, ಎಲ್ಲಾ ಹೇಳಕ್ಕ. ಬರ್ಕೋತೀನಿ" ಅಂದ.

ನನಗೆ ಅಷ್ಟು ಸಾಕಲ್ಲ. ಕಿರುಬೆರಳಿಗಿಂತ ಸಣ್ಣ ಪಟ್ಟಿ ಬೇಡ, ಅಂಚು ಮಡಿಸಿದರೆ ಅದರಲ್ಲಿ ಬಟ್ಟೆಯೇ ಉಳಿಯುವುದಿಲ್ಲ ಎಂದೆ. ಬಣ್ಣ ಗಾಢವಾಗಿ ಶುರುವಾಗಿ ತಿಳಿಯಾಗುತ್ತ ಹೋಗುವುದು ಬೇಡ, ಅದು ಕುಂಚದ ಕೆಲಸ. ಕೊಕ್ಕರೆಗೆ ಚೂಪು ಗರಿ ಮೂರಕ್ಕಿಂತ ಹೆಚ್ಚು ಬೇಡ. ಅಕ್ಷರವಂತೂ ಬೇಡವೇ ಬೇಡ. ಯಾಕೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಷ್ಟರಲ್ಲಿ ಒಲೆಯ ಮೇಲೆ ಟೀ ಉಕ್ಕಿತು.

ಅವನು ಹೋದ ಮೇಲೆ ಇವರು, ರಿಪೇರಿಗೆ ತೆರೆದಿಟ್ಟ ಗಡಿಯಾರದಿಂದ ಕಣ್ಣೆತ್ತದೆ, "ನಿನ್ನ ತಮ್ಮ ಪರೀಕ್ಷೆಗೂ ಇಷ್ಟು ಬರ್ಕೊಂಡಿರಲಿಲ್ಲ" ಅಂದರು. ಇವರಿಗೆ ನನ್ನ ತವರಿನ ಮೇಲೆ ಯಾವತ್ತೂ ಒಂದು ಕಣ್ಣು.

ಮಾರ್ಚ್ 16, ಭಾನುವಾರ

ಮತ್ತೆ ಬಂದಿದ್ದ. ಈ ಸಲ ಹಳೆ ಬಾವುಟದ ಕಥೆ ಬೇಕಂತೆ. ದೊಡ್ಡ ಮೇಷ್ಟ್ರ ಬಾಯಿಂದಲೇ ಕೇಳಿದವರಲ್ಲಿ ಇನ್ನು ಉಳಿದಿರುವುದು ನಾನು ಮತ್ತು ನನ್ನ ಜೊತೆ ಹೊಲಿಯುವ ಗುಂಡಿಯಕ್ಕ ಇಬ್ಬರೇ. ಹೇಳುತ್ತ ಕೂತೆ.

ರಾಜ್ಯ ಹುಟ್ಟಿದ ವರ್ಷ ಒಬ್ಬ ಚಿತ್ರಕಾರ ದೊಡ್ಡ ಹಾಳೆಯಲ್ಲಿ ಕೊಕ್ಕರೆ ಬರೆದುಕೊಂಡು ಬಂದಿದ್ದನಂತೆ. ಮೈತುಂಬ ಗರಿ, ಹಿಂದೆ ಹುಟ್ಟುವ ಸೂರ್ಯ, ಕಾಲ ಕೆಳಗೆ ಬರಹದ ಪಟ್ಟಿ. ಮಂತ್ರಿಗಳೆಲ್ಲ ವಾಹ್ ಅಂದರು. ದೊಡ್ಡ ಮೇಷ್ಟ್ರು ನಾವು ಬಾವುಟ ಹೊಲಿಯುವ ಸರ್ಕಾರಿ ಕಾರ್ಯಾಗಾರದ ಮೊದಲ ದರ್ಜಿ. ಹಾಳೆ ತೆಗೆದುಕೊಂಡು ಹೋದವರು ಮೂರನೇ ದಿನ ಬಟ್ಟೆ ತಂದು ಮೇಜಿನ ಮೇಲೆ ಹಾಸಿದರು. ಮೇಲೆ ತಿಳಿಹಸಿರು, ಕೆಳಗೆ ಕಡುನೀಲಿ, ನಡುವೆ ಮೂರೇ ಗರಿಯ ಬಿಳಿ ಕೊಕ್ಕರೆ. ಸೂರ್ಯ ಎಲ್ಲಿ ಎಂದು ಕೇಳಿದರೆ, "ಸೂಜಿ ಇಷ್ಟಕ್ಕೆ ಒಪ್ತು ಸ್ವಾಮಿ, ಉಳಿದದ್ದಕ್ಕೆ ಒಪ್ಪಲಿಲ್ಲ" ಅಂದರಂತೆ. ಯಾವ ಊರಿನ ಯಾವ ದರ್ಜಿಯೂ ಒಂದು ಸಲ ನೋಡಿದರೆ ಹೊಲಿಯುವಂತಿರಬೇಕು, ಇಲ್ಲದಿದ್ದರೆ ಅದು ಬಾವುಟವಲ್ಲ, ಪರದೆ ಎಂದು ವಾದ ಮಾಡಿ ಗೆದ್ದರಂತೆ.

ಆ ಮೂರು ಗರಿಗಳು ಮೂರು ನದಿಗಳು ಎಂದು ಈಗ ಶಾಲೆಯ ಪುಸ್ತಕದಲ್ಲಿದೆ. ನಾಲ್ಕನೆಯದನ್ನು ಕತ್ತರಿಸಿದರೆ ರೆಕ್ಕೆಯ ಬಟ್ಟೆ ಎಳೆ ಬಿಡುತ್ತದೆ, ನಿಜವಾದ ಕಾರಣ ಅದು. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ಒಂದನ್ನೂ ಬಿಡದೆ ಬರೆದುಕೊಂಡ.

ಮಾರ್ಚ್ 25, ಮಂಗಳವಾರ

ಕಾರ್ಯಾಗಾರದಲ್ಲಿ ಈಗ ಇದೇ ಮಾತು. ನಾವು ಏಳು ಹೆಂಗಸರು, ಒಂಬತ್ತು ಯಂತ್ರ, ಎರಡು ಕೆಟ್ಟಿವೆ. ಕಿಟಕಿ ಪಕ್ಕದವಳು, "ತಮ್ಮನಿಗೆ ಹೇಳು, ಕೊಕ್ಕರೆ ಒಂದೇ ಕಾಲಲ್ಲಿ ನಿಂತಿರಲಿ, ನಮಗೆ ಒಂದು ಕಾಲಿನ ಕೆಲಸ ಉಳಿಯುತ್ತೆ" ಅಂದಳು. ಎಲ್ಲರೂ ನಕ್ಕರು. ಗುಂಡಿಯಕ್ಕ ಮಾತ್ರ ಹಲ್ಲಲ್ಲಿ ದಾರ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದಳು. ಅವಳ ಬಾಯಿ ಗುಂಡಿ ಹಾಕಿದಂತೆ ಮುಚ್ಚಿಕೊಂಡೇ ಇರುವುದರಿಂದ ಆ ಹೆಸರು. ನನಗೆ ಕೈ ಹಿಡಿದು ಅಂಚು ಮಡಿಸಲು ಕಲಿಸಿದವಳು ಅವಳೇ.

ಯಾರೂ ಹೆದರಬೇಡಿ, ಹೊಲಿಯಲು ಬರುವಂಥದ್ದನ್ನೇ ಬರೆಯುತ್ತಾನೆ, ನಾನಿದ್ದೇನಲ್ಲ ಎಂದೆ.

ಏಪ್ರಿಲ್ 3, ಗುರುವಾರ

ಪತ್ರಿಕೆಯ ಮೊದಲ ಪುಟದಲ್ಲಿ ಬಂದಿದೆ. ಬಣ್ಣದಲ್ಲಿ.

ಕೊಕ್ಕರೆಗೆ ಇಪ್ಪತ್ತೆರಡು ಗರಿ. ಮೂರು ಸಲ ಎಣಿಸಿದೆ. ಹಿಂದೆ ಸೂರ್ಯ, ನಡುವೆ ಕೆಂಪಾಗಿ, ಹೋಗುತ್ತ ಹೋಗುತ್ತ ಹಳದಿಯಾಗಿ, ಕೊನೆಗೆ ಆಕಾಶದಲ್ಲಿ ಕರಗುವ ಸೂರ್ಯ. ಕೂದಲೆಳೆಯಂಥ ಕಿರಣಗಳು. ಕೆಳಗೆ ಬಿಳಿ ಪಟ್ಟಿ, ಅದರ ಮೇಲೆ ಐದು ಅಕ್ಷರ. ನಾನು ಬೇಡ ಅಂದದ್ದೆಲ್ಲ ಇದೆ. ಒಂದನ್ನೂ ಬಿಟ್ಟಿಲ್ಲ. ನನ್ನ ಅಡುಗೆಮನೆಯಲ್ಲಿ ಕೂತು ಬರೆದುಕೊಂಡ ಪಟ್ಟಿಯನ್ನೇ ನೋಡಿಕೊಂಡು ಬರೆದಿದ್ದಾನೆ.

ಫೋನ್ ಮಾಡಿದೆ. ಎತ್ತಲಿಲ್ಲ.

ಏಪ್ರಿಲ್ 7, ಸೋಮವಾರ

ಸುತ್ತೋಲೆ ಬಂತು. ಗೋಡೆಗೆ ಅಂಟಿಸಿದ್ದಾರೆ. ಹೊಸ ಬಾವುಟ ಮುದ್ರಣಾಲಯದ ಹೊಸ ಯಂತ್ರದಲ್ಲಿ ಅಚ್ಚಾಗುತ್ತದೆ. ಮೇ ತಿಂಗಳ ಕೊನೆಗೆ ಕಾರ್ಯಾಗಾರ ಮುಚ್ಚುತ್ತದೆ. ನಮ್ಮನ್ನು ಆಸ್ಪತ್ರೆಗಳ ಹಾಸಿಗೆ ಹೊದಿಕೆ ಹೊಲಿಯಲು ಬೇರೆ ಬೇರೆ ಕಡೆ ಹಾಕುತ್ತಾರೆ. ಗುಂಡಿಯಕ್ಕನಿಗೆ ಬಂದಿರುವ ಜಾಗ ಎರಡು ಬಸ್ಸು ಬದಲಾಯಿಸಿ ಹೋಗಬೇಕಾದದ್ದು. ಅವಳ ಮೊಣಕಾಲಿಗೆ ಒಂದು ಬಸ್ಸಿನ ಮೆಟ್ಟಿಲೇ ಹೆಚ್ಚು.

ಕಾರಣವನ್ನೂ ಬರೆದಿದ್ದಾರೆ. "ಕಾರ್ಯಾಗಾರದ ಹಿರಿಯ ಹೊಲಿಗೆಗಾರ್ತಿಯೇ ತಿಳಿಸಿರುವಂತೆ, ಈ ವಿನ್ಯಾಸವನ್ನು ಹೊಲಿಗೆಯಿಂದ ತಯಾರಿಸಲು ಸಾಧ್ಯವಿಲ್ಲ."

ಆರೂ ಜನ ಓದಿದರು. ಆಮೇಲೆ ನನ್ನ ಮುಖ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಂಜೆ ನೇರವಾಗಿ ತಮ್ಮನ ಕಚೇರಿಗೆ ಹೋದೆ. ಹೊಸ ಯಂತ್ರ ಬಸ್ಸಿನಷ್ಟು ಉದ್ದ ಇದೆ, ಇನ್ನೂ ಪ್ಲಾಸ್ಟಿಕ್ ಹೊದಿಕೆ ಪೂರ್ತಿ ಬಿಚ್ಚಿಲ್ಲ. ಅದರ ಪಕ್ಕದಲ್ಲೇ ಅವನಿಗೆ ಗಾಜಿನ ಕೋಣೆ. ವಿಭಾಗಕ್ಕೆ ಈಗ ಅವನೇ ಮುಖ್ಯಸ್ಥ.

"ನನ್ನ ಕೈಯಿಂದಲೇ ನನ್ನ ಕುತ್ತಿಗೆಗೆ ಹಗ್ಗ ಹಾಕ್ಸಿದೆಯಲ್ಲೋ!"

"ಮೆಲ್ಲಗೆ ಮಾತಾಡಕ್ಕ. ಯಂತ್ರ ಬಂದಾಗಿತ್ತು, ಅದಕ್ಕೊಂದು ಕೆಲಸ ತೋರಿಸ್ಬೇಕಿತ್ತು. ನಾನಲ್ಲದಿದ್ರೆ ಇನ್ನೊಬ್ಬ ಬರೀತಿದ್ದ."

"ಇನ್ನೊಬ್ಬನಿಗೆ ನಾನು ಹೇಳ್ತಿರಲಿಲ್ಲ."

ಟೀ ತರಿಸಲಾ ಎಂದು ಕೇಳಿದ. ಅಪ್ಪ ಹೋದಾಗ ಇವನಿಗೆ ಹದಿನಾರು ವರ್ಷ. ನಾನು ಓದು ಬಿಟ್ಟು ಯಂತ್ರದ ಮುಂದೆ ಕೂತದ್ದು ಇವನು ಚಿತ್ರಶಾಲೆಗೆ ಹೋಗಲಿ ಎಂದು. ಅದನ್ನು ಇವತ್ತಿನವರೆಗೆ ಒಂದು ದಿನವೂ ಆಡಿ ತೋರಿಸಿರಲಿಲ್ಲ. ಇವತ್ತು ಗಾಜಿನ ಕೋಣೆಯಲ್ಲಿ ಎಲ್ಲರಿಗೂ ಕೇಳುವಂತೆ ಆಡಿ ತೋರಿಸಿದೆ.

ಏಪ್ರಿಲ್ 10, ಗುರುವಾರ

ಮೂರು ದಿನ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಇವತ್ತು ಊಟದ ಹೊತ್ತಿಗೆ ಗುಂಡಿಯಕ್ಕ ತನ್ನ ಡಬ್ಬಿ ತಂದು ನನ್ನ ಪಕ್ಕ ಇಟ್ಟಳು.

"ಮನೆಯವನು ಅಂತ ಹೇಳ್ದೆ. ನನ್ನ ತಮ್ಮ ಕೇಳಿದ್ರೆ ನಾನೂ ಹೇಳ್ತಿದ್ದೆ. ಮುಗೀತು. ಇನ್ನು ಬಾಯಿ ಹೊಲ್ಕೋ."

ಕಣ್ಣಲ್ಲಿ ನೀರು ಬಂತು. ಅವಳು ನೋಡದ ಹಾಗೆ ಮಾಡಿ, ಪತ್ರಿಕೆಯ ಚಿತ್ರವನ್ನು ಕಿಟಕಿಯ ಗಾಜಿಗೆ ಹಿಡಿದು, ಹಿಂದುಗಡೆಯಿಂದ ನೋಡಿ ಎಂದಳು. ನೋಡಿದೆವು. ಬೆಳಕಿಗೆ ಐದು ಅಕ್ಷರವೂ ತಿರುಗಾಮುರುಗಾ. ಬಾವುಟಕ್ಕೆ ಎರಡು ಮುಖ. ಬಟ್ಟೆಯ ಮೇಲೆ ಅಚ್ಚು ಹಾಕಿದರೆ ಹಿಂದುಗಡೆಯಿಂದ ಬರಹ ಉಲ್ಟಾ ಕಾಣುತ್ತದೆ. ದೊಡ್ಡ ಮೇಷ್ಟ್ರು ಅಕ್ಷರ ಬೇಡ ಅಂದದ್ದು ಅದಕ್ಕೇ. ಕಾಗದದವರಿಗೆ ಇದು ಹೊಳೆದೇ ಇಲ್ಲ. ಅವರು ಮಾಡಿದ್ದೆಲ್ಲ ಮೇಜಿನ ಮೇಲೆ ಬೆನ್ನು ಕೆಳಗಾಗಿ ಮಲಗಿರುತ್ತದೆ, ಬೆನ್ನು ಕಾಣುವುದೇ ಇಲ್ಲ.

"ಹೇಳೋದು ಬೇಡ" ಅಂದಳು ಗುಂಡಿಯಕ್ಕ. "ಮೇ ಹನ್ನೆರಡಕ್ಕೆ, ಐವತ್ತರ ಉತ್ಸವದಲ್ಲಿ ಹಾರಿಸ್ಲಿ. ಅರ್ಧ ಮೈದಾನ ಹಿಂದುಗಡೆಯಿಂದ ನೋಡುತ್ತೆ. ರಾಜ್ಯದ ಬರಹಾನೇ ಉಲ್ಟಾ ಹಾರಿದ್ರೆ ಮಾರನೇ ದಿನ ನಮ್ಮನ್ನೇ ಹುಡುಕ್ಕೊಂಡು ಬರ್ತಾರೆ. ನಾನೇ ಪತ್ರಿಕೆಯವರನ್ನ ಕರ್ಕೊಂಡು ಹೋಗಿ ಹಿಂದುಗಡೆ ನಿಲ್ಲಿಸ್ತೀನಿ."

ಅಲ್ಲಿಯವರೆಗೆ ಒಬ್ಬರೂ ಬಾಯಿ ಬಿಡಬಾರದು, ಒಬ್ಬರೂ ಆ ಬಾವುಟಕ್ಕೆ ಸೂಜಿ ಸೋಕಿಸಬಾರದು. ಏಳು ಜನವೂ ಒಪ್ಪಿದೆವು. ಎಲ್ಲರಿಗಿಂತ ಜೋರಾಗಿ ಒಪ್ಪಿದ್ದು ನಾನು.

ಏಪ್ರಿಲ್ 13, ಭಾನುವಾರ

ಕೋಪಕ್ಕೆ ಮನೆಯಲ್ಲಿ ಕೈ ಸುಮ್ಮನಿರಲಿಲ್ಲ. ಹಳೆ ಬಿಳಿ ಬಟ್ಟೆಯ ಚೂರಿನಲ್ಲಿ ಆ ರೆಕ್ಕೆಯನ್ನು ಕತ್ತರಿಸಿದೆ. ಎಲ್ಲೆಲ್ಲಿ ಕೆಡುತ್ತದೆ ಎಂದು ಗೊತ್ತಿದ್ದರೆ ಮುಂದೆ ಅರ್ಜಿ ಬರೆಯುವಾಗ ಬೇಕಾಗುತ್ತದೆ. ಅಷ್ಟಕ್ಕೇ. ನಾಲ್ಕನೆಯ ಗರಿಗೇ ಎಳೆ ಬಿಟ್ಟಿತು. ಸಮಾಧಾನವಾಯಿತು.

ಏಪ್ರಿಲ್ 14, ಸೋಮವಾರ

ಬಟ್ಟೆಯನ್ನು ನೂಲಿನ ನೇರಕ್ಕೆ ಇಡುವ ಬದಲು ಓರೆಯಾಗಿ ಇಟ್ಟು ಕತ್ತರಿಸಿದರೆ ಎಳೆ ಬಿಡುವುದಿಲ್ಲ. ಹದಿನಾಲ್ಕು ಗರಿ ಬಂತು.

ಏಪ್ರಿಲ್ 20, ಭಾನುವಾರ

ಸೂರ್ಯನೂ ಆಗುತ್ತಾನೆ! ತೆಳು ಬಟ್ಟೆಯನ್ನು ಒಂದರ ಮೇಲೊಂದು ಐದು ಪದರ ಇಟ್ಟು, ಪ್ರತಿ ಪದರವನ್ನೂ ಹಿಂದಿನದಕ್ಕಿಂತ ದೊಡ್ಡದಾಗಿ ಕತ್ತರಿಸಿದರೆ ನಡುವೆ ಗಾಢ, ಅಂಚಿಗೆ ತಿಳಿ. ಮೂವತ್ತೊಂದು ವರ್ಷ ಆಗುವುದಿಲ್ಲ ಎಂದು ನಂಬಿಕೊಂಡು ಬಂದದ್ದು ಒಂದು ಮಧ್ಯಾಹ್ನದಲ್ಲಿ ಆಗಿಹೋಯಿತು. ದೊಡ್ಡ ಮೇಷ್ಟ್ರು ಇನ್ನೊಂದು ವಾರ ಕೂತಿದ್ದರೆ ಅವರಿಗೂ ಆಗುತ್ತಿತ್ತೋ ಏನೋ.

ಇವರಿಗೆ ತೋರಿಸಿದೆ. ಗಡಿಯಾರದ ಭೂತಗನ್ನಡಿ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ಯಾರಿಗೆ?" ಎಂದು ಕೇಳಿದರು. ಯಾರಿಗೂ ಅಲ್ಲ, ಸುಮ್ಮನೆ ಎಂದೆ.

ಕಾರ್ಯಾಗಾರದಲ್ಲಿ ಹೇಳಲಿಲ್ಲ. ಹೇಳಿದರೆ ತಪ್ಪು ತಿಳಿದುಕೊಳ್ಳುತ್ತಾರೆ.

ಏಪ್ರಿಲ್ 27, ಭಾನುವಾರ

ತಮ್ಮ ಬಂದ. ಬಾಗಿಲು ತೆಗೆಯಬಾರದು ಎಂದುಕೊಂಡಿದ್ದೆ, ಇವರು ತೆಗೆದರು. ಕೈಯಲ್ಲಿ ಅಚ್ಚಾದ ಮೊದಲ ಮಾದರಿ. ರಾಜಿ ಮಾಡಿಕೊಳ್ಳಲು ಬಂದನೋ, ಮೆಚ್ಚಿಸಿಕೊಳ್ಳಲು ಬಂದನೋ, ಅವನಿಗೇ ಗೊತ್ತಿರಲಿಕ್ಕಿಲ್ಲ. ಚಿಕ್ಕವನಿದ್ದಾಗಲೂ ಹೀಗೆಯೇ, ಬರೆದದ್ದನ್ನು ಮೊದಲು ನನಗೆ ತೋರಿಸದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಮೇಜಿನ ಮೇಲೆ ಹಾಸಿದ. "ಹೇಗಿದೆ, ನಿಜ ಹೇಳಕ್ಕ."

ಬಣ್ಣ ಚೆನ್ನಾಗಿ ಬಂದಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಬಟ್ಟೆ ತಂದವರ ಮುಂದೆ ಅದರ ಹಿಂಬದಿ ನೋಡದೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಬೇಕೆಂದು ಮಾಡಿದ್ದಲ್ಲ, ಕೈ ತಾನೇ ಮಗುಚಿತು. "ಬೆನ್ನಿಗೆ ಏನು ಮಾಡ್ದೆ?" ಎಂದು ಬಾಯಿಂದ ಬಂದೇ ಹೋಯಿತು.

ಅವನು ನೋಡಿದ. ಮುಖದ ರಕ್ತ ಇಳಿಯಿತು. ಐದು ಅಕ್ಷರವನ್ನೂ ಬೆರಳಿಟ್ಟು ಬಲದಿಂದ ಎಡಕ್ಕೆ ಓದಿದ. ಬಟ್ಟೆ ಮುದುಡಿಕೊಂಡು ಹೊರಟುಹೋದ.

ಅವನ ಮುಖ ನೋಡಬೇಕಿತ್ತು! ಇಷ್ಟು ದಿನದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು.

ಏಪ್ರಿಲ್ 29, ಮಂಗಳವಾರ

ಕೆಲಸದಿಂದ ಬರುವಷ್ಟರಲ್ಲಿ ತಮ್ಮ ಮನೆಯಲ್ಲಿ ಕೂತಿದ್ದ. ಎರಡು ಬಟ್ಟೆ ಬೆನ್ನಿಗೆ ಬೆನ್ನು ಅಂಟಿಸಿ ನೋಡಿದರಂತೆ. ಹಲಗೆಯಂತೆ ಸೆಟೆದು ನಿಂತಿತಂತೆ. ಚಿತ್ರ ಬದಲಾಯಿಸಲು ಆಗದು, ಸಭೆಯಲ್ಲಿ ಒಪ್ಪಿಗೆಯಾಗಿದೆ. ವಿಷಯ ಮೇಲಿನವರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಗೊತ್ತಾಗದೆ ಹಾರಿದರೆ ಮಾನ ಹೋಗುತ್ತದೆ.

ಹೋಗಲಿ ಬಿಡು ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಅವನು ಕಪಾಟಿನ ಮೇಲಿದ್ದ ನನ್ನ ರೆಕ್ಕೆ ಮತ್ತು ಸೂರ್ಯನನ್ನು ನೋಡಿದ. ಎದ್ದು ಹೋಗಿ ಎರಡು ಕೈಯಲ್ಲಿ ಎತ್ತಿಕೊಂಡ. ಹಿಂಬದಿ ಮಗುಚಿ ನೋಡಿದ. ಕಲಿತಿದ್ದಾನೆ.

"ಅಕ್ಕಾ, ಇದು ನನ್ನ ಚಿತ್ರಕ್ಕಿಂತ ಚೆನ್ನಾಗಿದೆ."

ಆಮೇಲೆ ಅಳು. ನಲವತ್ತೇಳು ವರ್ಷದ ಗಂಡಸು. ಒಂದೇ ಒಂದು ಹೊಲಿದು ಕೊಡು, ಹಾರಿಸಿದ ತಕ್ಷಣ ಮೈಕಿನಲ್ಲಿ ಹೇಳಿಸುತ್ತೇನೆ, ಇದು ಕಾರ್ಯಾಗಾರದವರು ಕೈಯಲ್ಲಿ ಹೊಲಿದದ್ದು ಎಂದು. ಅಷ್ಟು ಜನರ ಮುಂದೆ ಹೇಳಿದ ಮೇಲೆ ಮುಚ್ಚುವ ಧೈರ್ಯ ಯಾರಿಗಿದೆ? ಎಂದ. ಅದೂ ಸರಿಯೇ. ಬರಹ ಉಲ್ಟಾ ಹಾರಿ ಅವಮಾನವಾಗಿ ಉಳಿಯುವುದಕ್ಕಿಂತ ನಮ್ಮ ಕೆಲಸ ನೋಡಿ ಉಳಿಸಿದರೆ ಮರ್ಯಾದೆಯಲ್ಲವೇ? ಗುಂಡಿಯಕ್ಕನೂ ಆಮೇಲೆ ಒಪ್ಪುತ್ತಾಳೆ. ಆಣೆ ಹಾಕು ಎಂದೆ. ಅಮ್ಮನ ಮೇಲೆ ಹಾಕಿದ.

ಇವರು ಒಳಗಿನಿಂದ, "ಗುಂಡಿಯಕ್ಕನ್ನ ಒಂದು ಮಾತು ಕೇಳು" ಅಂದರು. ಕೇಳಲು ಸಮಯವೆಲ್ಲಿದೆ.

ಮೇ 2, ಶುಕ್ರವಾರ

ಕಣ್ಣು ನೋವು ಎಂದು ರಜೆ ಹಾಕಿದೆ. ಆರಡಿ ಉದ್ದ, ನಾಲ್ಕಡಿ ಅಗಲ. ಅಕ್ಷರದ ಪಟ್ಟಿಗೆ ಮಾತ್ರ ಎರಡು ಬಟ್ಟೆ, ಒಂದರ ಅಕ್ಷರ ಇನ್ನೊಂದು ಕಡೆಗೆ ಕಾಣದಂತೆ ನಡುವೆ ಒಂದು ಪದರ. ಉಳಿದ ಕಡೆ ಹಿಂದಿನ ಬಟ್ಟೆ ಕತ್ತರಿಸಿ ತೆಗೆದರೆ ಭಾರ ಇರುವುದಿಲ್ಲ. ಹಾರುತ್ತದೆ.

ಮೇ 5, ಸೋಮವಾರ

ಹನ್ನೊಂದು ಗರಿ.

ಮೇ 7, ಬುಧವಾರ

ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಗುಂಡಿಯಕ್ಕನ ದನಿ. ಆ ಮೊಣಕಾಲು ಇಟ್ಟುಕೊಂಡು ನಮ್ಮ ಎರಡು ಮಹಡಿ ಹತ್ತಿ ಬಂದಿದ್ದಳು. ನಾನು ಬಟ್ಟೆಯನ್ನು ತೊಡೆಯ ಮೇಲೆ ಹಾಗೆಯೇ ಹಿಡಿದುಕೊಂಡು ಒಳಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತೆ. ಮಲಗಿದ್ದಾಳೆ ಎಂದು ಇವರು ಹೇಳಿದರು. ಎಬ್ಬಿಸಬೇಡಿ, ಕಣ್ಣಿಗೆ ಈ ಹನಿ ಹಾಕಿ, ನನಗೆ ಇದರಲ್ಲೇ ವಾಸಿಯಾದದ್ದು ಎಂದು ಔಷಧಿ ಕೊಟ್ಟು ಹೋದಳು.

ಇವರು ಸೀಸೆಯನ್ನು ನನ್ನ ಮುಂದೆ ಇಟ್ಟು ಹೋದರು. ಇವರಿಗೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ, ಭೂತಗನ್ನಡಿ ಹಾಕಿ ಹಾಕಿ.

ಮೇ 9, ಶುಕ್ರವಾರ

ಮುಗಿಯಿತು. ಬಾಲ್ಕನಿಯ ಕಂಬಿಗೆ ಒಂದು ನಿಮಿಷ ಕಟ್ಟಿ ನೋಡಿದೆ. ನನ್ನ ಜೀವಮಾನದಲ್ಲಿ ಇಂಥದ್ದನ್ನು ಹೊಲಿದಿಲ್ಲ. ತಮ್ಮ ಬಂದು ತೆಗೆದುಕೊಂಡು ಹೋದ. ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಮೇ 12, ಸೋಮವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕಾರ್ಯಾಗಾರದವರಿಗೆ ಕುರ್ಚಿ ಸಿಕ್ಕಿದ್ದು ಕಂಬದ ಹಿಂದುಗಡೆ. ಗುಂಡಿಯಕ್ಕನೇ ಕೇಳಿ ಹಾಕಿಸಿಕೊಂಡದ್ದು. ಇಬ್ಬರು ಪತ್ರಿಕೆಯವರನ್ನು ಕರೆತಂದು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು. "ಕಣ್ಣು ಹೇಗಿದೆ?" ಎಂದು ಕೇಳಿದಳು. ವಾಸಿ ಎಂದೆ.

ಹಗ್ಗ ಎಳೆದರು. ಮಡಿಕೆ ಬಿಚ್ಚಿತು. ಗಾಳಿ ಸರಿಯಾಗಿ ಬಂತು. ಐದು ಅಕ್ಷರ, ನಾವು ಕೂತ ಕಡೆಯಿಂದಲೂ ನೆಟ್ಟಗೆ, ಎಡದಿಂದ ಬಲಕ್ಕೆ. ಸೂರ್ಯನ ಮೇಲೆ ನಿಜವಾದ ಬಿಸಿಲು ಬಿದ್ದು ಐದು ಪದರವೂ ಹೊಳೆಯಿತು. ಮೈದಾನವೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನಾನು ಮೈಕಿನ ಕಡೆ ಕಿವಿಯಿಟ್ಟೆ. "ನಮ್ಮ ಮುದ್ರಣಾಲಯದ ಅತ್ಯಾಧುನಿಕ ಯಂತ್ರದಲ್ಲಿ ಮುದ್ರಿತವಾದ ಮೊಟ್ಟಮೊದಲ ಬಾವುಟ" ಎಂದಿತು. ಆಮೇಲೆ ತಮ್ಮನ ಹೆಸರು ಕೂಗಿದರು. ಅವನು ವೇದಿಕೆ ಹತ್ತಿದ, ಹಾರ ಹಾಕಿಸಿಕೊಂಡ, ಮುಂದುಗಡೆಯವರಿಗೆ ಕೈ ಮುಗಿದ. ನಾವಿದ್ದ ಕಡೆ ಒಂದು ಸಲವೂ ತಿರುಗಲಿಲ್ಲ. ಅಮ್ಮನ ಮೇಲಿನ ಆಣೆ.

ಪತ್ರಿಕೆಯವರು, ಏನೂ ಇಲ್ಲವಲ್ಲಮ್ಮ, ಎಲ್ಲ ಸರಿಯಾಗೇ ಇದೆಯಲ್ಲ ಎಂದು ಹೊರಟುಹೋದರು. ಕಿಟಕಿ ಪಕ್ಕದವಳು ಅಳಲು ಶುರುಮಾಡಿದಳು. ಗುಂಡಿಯಕ್ಕ ಮಾತ್ರ ಕತ್ತೆತ್ತಿ ಬಾವುಟವನ್ನೇ ನೋಡುತ್ತಿದ್ದಳು. ಗಾಳಿಯಲ್ಲಿ ಅದು ಏಳುವುದನ್ನು, ಬೀಳುವುದನ್ನು, ಮಡಿಚಿಕೊಳ್ಳುವುದನ್ನು. ಆಮೇಲೆ, ಕಾರ್ಯಾಗಾರದಲ್ಲಿ ಪಕ್ಕದ ಯಂತ್ರದಿಂದ ಕೇಳುವಂತೆ, ಮೆತ್ತಗೆ ಕೇಳಿದಳು.

"ಆ ಗರಿಗಳ ಅಂಚನ್ನ ಒಂದೇ ಸಲ ಮಡಿಸಿರ್ಬೇಕು, ಅಲ್ವಾ? ಎರಡು ಸಲಕ್ಕೆ ಅಷ್ಟು ಸಣ್ಣದರಲ್ಲಿ ಜಾಗ ಎಲ್ಲಿ?"

"ಇಲ್ಲಕ್ಕಾ, ಎರಡು ಸಲವೇ" ಎಂದೆ. "ಓರೆಯಾಗಿ ಕತ್ತರಿಸಿದ್ರೆ ಜಾಗ ಸಿಗುತ್ತೆ."

ಅವಳು ತಲೆಯಾಡಿಸಿದಳು. ಕಿಟಕಿ ಪಕ್ಕದವಳು ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಗುಂಡಿಯಕ್ಕ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ನಾನು ಹಿಡಿದುಕೊಳ್ಳಲು ಹೋದೆ, ತೋಳು ಬಿಡಿಸಿಕೊಂಡಳು. ಆರೂ ಜನ ಒಟ್ಟಿಗೆ ಬಸ್ಸಿನ ಕಡೆ ಹೋದರು.

ಮೇ 31, ಶನಿವಾರ

ಕೊನೆಯ ದಿನ. ಯಂತ್ರಗಳಿಗೆ ಹೊದಿಕೆ ಹಾಕಿ ಬೀಗದ ಕೈ ಕೊಟ್ಟೆವು. ಒಬ್ಬರಿಗೊಬ್ಬರು ಹೊಸ ಜಾಗದ ವಿಳಾಸ ಬರೆದುಕೊಂಡರು. ನನ್ನದನ್ನು ಯಾರೂ ಕೇಳಲಿಲ್ಲ. ನಾನೂ ಒಂದು ಚೀಟಿಯಲ್ಲಿ ಬರೆದು ಗುಂಡಿಯಕ್ಕನ ಮೇಜಿನ ಮೇಲೆ ಇಟ್ಟೆ. ಅವಳು ಹೋದ ಮೇಲೆ ನೋಡಿದರೆ ಅಲ್ಲೇ ಇತ್ತು.

ತಮ್ಮ ಮಾಡಿದ ದ್ರೋಹಕ್ಕೆ ನನಗೇಕೆ ಈ ಶಿಕ್ಷೆ ಎಂದು ಬರೆಯಲು ಕೂತೆ. ಇವರು ಟೀ ತಂದಿಟ್ಟು, ಏನು ಬರೆಯುತ್ತಿದ್ದೀಯ ಎಂದು ಕೇಳಿದರು. ತಮ್ಮನ ವಿಷಯ ಎಂದೆ. ಅವನು ಮೊದಲು ಬಂದ ದಿನದಿಂದ ಒಂದೊಂದೇ ಪುಟ ತಿರುವಿ ಓದುತ್ತ ಬಂದೆ. ಏಪ್ರಿಲ್ ಇಪ್ಪತ್ತೇಳರ ಪುಟದಲ್ಲಿ, ನನ್ನ ಕೈ ಬಟ್ಟೆ ಮಗುಚಿದ ಸಾಲಿನಲ್ಲಿ ನಿಂತೆ. ಅಲ್ಲಿಂದ ಮುಂದೆ ಅವನ ಹೆಸರಲ್ಲಿ ಬರೆಯಲು ಏನೂ ಸಿಗಲಿಲ್ಲ.